ವಿಕಿರದ ಅನ್ನ

ಶ್ರಾದ್ಧದ ದಿನ ಹಸಿದ ಹೊಟ್ಟೆಯಲ್ಲಿ ಪಾಠ ಮಾಡಲು ಹೋಗುವುದು ಬದರೀನಾಥನಿಗೆ ಹೊಸದಲ್ಲ. ಅಪ್ಪನ ತಿಥಿಯೂ ವಿಶ್ವವಿದ್ಯಾಲಯದ ಟೈಮ್‌ಟೇಬಲ್ಲೂ ಎಂದೂ ಒಂದಕ್ಕೊಂದು ಮರ್ಯಾದೆ ಕೊಟ್ಟು ನಡೆದುಕೊಂಡವಲ್ಲ. ಬೆಳಿಗ್ಗೆ ಪಾಠ ಮುಗಿಸಿ, ಮಧ್ಯಾಹ್ನಕ್ಕೆ ಸಿಂಗಾಪುರದ ಬಿಶಾನ್‌ನ ಫ್ಲ್ಯಾಟಿಗೆ ಓಡಿಬಂದು, ಸ್ನಾನ ಮಾಡಿ, ಪಂಚೆ ಉಟ್ಟು, ಶ್ರಾದ್ಧದ ಮಂತ್ರದ ಕ್ಯಾಸೆಟ್ಟು ಹಾಕಿಕೊಂಡು ಕೂತರೆ ಆಯಿತು. ಆದರೆ ಈ ದಿನ ಎಂಆರ್‌ಟಿ ರೈಲಿನ ಕಂಬಿ ಹಿಡಿದು ನಿಂತವನಿಗೆ ಹೊಟ್ಟೆಯ ಹಸಿವು ತಿಳಿಯುತ್ತಿರಲಿಲ್ಲ. ಅವನು ಹೊರಡುವ ಮುಂಚೆ ಅಮ್ಮ ತನ್ನ ಕೋಣೆಗೆ ಕರೆದಿದ್ದಳು. ಸತ್ಯವತಮ್ಮನಿಗೆ ಈಗ ಮಲಗಲೂ ಆಗುವುದಿಲ್ಲ. ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡಬೇಕು. ಪಾದ ಊದಿಕೊಂಡು ಕಾಲಂದುಗೆಯ ಹಳೆಯ ಗುರುತು ಮುಚ್ಚಿಹೋಗಿದೆ. ಹೃದಯ ಸೋತಿದೆ, ಇನ್ನು ಬಹಳ ದಿನದ ಲೆಕ್ಕ ಹಾಕಬೇಡಿ ಎಂದು ಡಾಕ್ಟರು ಕಾರಿಡಾರಿನಲ್ಲಿ ಅವನಿಗೂ ಹೆಂಡತಿ ವತ್ಸಲಾಗೂ ಹೇಳಿದ್ದನ್ನು ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಎಂಬುದು ಬೆಳಿಗ್ಗೆ ಗೊತ್ತಾಯಿತು.

"ಈ ಸಲ ವಿಕಿರ ಬಿಡಬೇಡ ಕಣೋ ಬದರೀ," ಎಂದಳು. ಮಾತಿನ ನಡುವೆ ಉಸಿರಿಗಾಗಿ ನಿಂತಳು. "ಮೂರು ವರ್ಷದಿಂದ ನೋಡ್ತಿದ್ದೀನಿ. ಕ್ಯಾಸೆಟ್ಟು ಅಲ್ಲಿಗೆ ಬಂದು ಹಾರಿಬಿಡತ್ತೆ. ಶಾಸ್ತ್ರಿಗಳು ಮರೆತರೋ ಏನೋ ಅಂದ್ಕೊಂಡೆ. ಅವರು ಮರೆಯೋರಲ್ಲ."

"ಯಾವುದಮ್ಮ ಅದು?" ಗೊತ್ತಿದ್ದೂ ಕೇಳಿದ.

"ಎಲೆ ಪಕ್ಕ ದರ್ಭೆ ಹಾಕಿ ಅನ್ನ ಚೆಲ್ಲೋದು. ಸಂಸ್ಕಾರ ಆಗದೆ ಹೋದೋರಿಗೆ. ಬೆಂಕಿ ಕಾಣದೆ ಹೋದೋರಿಗೆ." ದಿಂಬು ಸರಿಪಡಿಸಿಕೊಂಡಳು. "ಅದರಲ್ಲೇ ಕಣೋ ಅವಳಿಗೆ ಇರೋದು. ಬೇರೆ ಎಲ್ಲೂ ಇಲ್ಲ ಅವಳಿಗೆ. ಒಂದ್ಸಲ ಮಾಡು. ಅವಳು ಉಂಡಿದ್ದು ನೋಡ್ಕೊಂಡು ಹೋಗ್ತೀನಿ."

ಅವಳು ಅಂದರೆ ಯಾರು ಎಂದು ಅವನು ಕೇಳಲಿಲ್ಲ. ಅವನು ಹುಟ್ಟುವ ಮೊದಲು ಒಂದು ಹೆಣ್ಣುಮಗು ಹೋಗಿತ್ತು ಎಂಬುದನ್ನು ಅವನು ಮನೆಯ ಹಳೆಯ ಸಂಗತಿಗಳಲ್ಲಿ ಒಂದಾಗಿ ಕೇಳಿದ್ದ. ಇಂಥ ವರ್ಷ ಪ್ಲೇಗು ಬಂದಿತ್ತು, ಇಂಥವರ ಹೊಲ ಇತ್ತು ಎಂಬಂತೆ. ಹಲ್ಲು ಬಾರದ ಮಗು, ಚಿತೆಗೆ ಇಡುವಂತಿಲ್ಲ. ಅಪ್ಪ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದು, ತಲೆಗೆ ನೀರು ಹಾಕಿಕೊಂಡು, ಅದೇ ದಿನ ಪಾಠ ಮಾಡಲು ಸ್ಕೂಲಿಗೆ ಹೋದರಂತೆ. ಸೂತಕವೂ ಪೂರ್ತಿ ಇಲ್ಲ, ತಿಥಿ ಇಲ್ಲ, ಹೆಸರು ಹಿಡಿದು ಬಿಡುವ ಎಳ್ಳುನೀರಿಲ್ಲ. ಸೊಸೆಯೊಬ್ಬಳು ಅತ್ತರೆ ಮನೆಗೆ ಶ್ರೇಯಸ್ಸಲ್ಲ ಎಂದು ಅಜ್ಜಿ ಅಮ್ಮನನ್ನು ಅಡುಗೆಮನೆಗೆ ಕಳಿಸಿದ್ದರಂತೆ. ಮೈಸೂರಿನ ಮನೆಯಲ್ಲಿ ಅಜ್ಜನ ಶ್ರಾದ್ಧದ ದಿನ ಅಪ್ಪ ಜನಿವಾರ ಬಲಕ್ಕೆ ಹಾಕಿಕೊಂಡು ದಕ್ಷಿಣಕ್ಕೆ ಬಗ್ಗಿ ಅನ್ನ ಚೆಲ್ಲುವಾಗ ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿರುತ್ತಿದ್ದದ್ದು ಅವನಿಗೆ ನೆನಪಿದೆ. ಇದೊಂದು ಮುಗಿದರೆ ಎಲ್ಲರಿಗೂ ಊಟ, ಅದಕ್ಕೇ ಕಾಯುತ್ತಿದ್ದಾಳೆ ಎಂದು ಅವನು ತಿಳಿದಿದ್ದ. ವಡೆಯ ವಾಸನೆಗೆ ತಾನೂ ಹಾಗೇ ಕಾಯುತ್ತಿದ್ದನಲ್ಲ. ಓದಿದವನಾಗಿ, ಊರು ಬಿಟ್ಟು, ಇಷ್ಟು ವಯಸ್ಸಾದ ಮೇಲೂ ಆ ನಿಂತ ಭಂಗಿಗೆ ಅವನು ಬೇರೆ ಅರ್ಥ ಹುಡುಕಿರಲಿಲ್ಲ ಎಂಬುದು ಈಗ ನಾಚಿಕೆಯಾಗಿ ಕಿವಿಗೆ ಏರಿತು. ಪಕ್ಕದಲ್ಲಿ ನಿಂತ ಹೆಂಗಸು ಅವನನ್ನು ನೋಡಿ ಸ್ವಲ್ಪ ಸರಿದಳು. ತುಟಿ ಅಲ್ಲಾಡಿಸುತ್ತಿದ್ದೆನೇನೋ ಎಂದುಕೊಂಡ.

ಅಮ್ಮ ಸಿಂಗಾಪುರಕ್ಕೆ ಬರುವಾಗ ತಂದ ಕ್ಯಾಸೆಟ್ಟು ಅದು. ಇಲ್ಲಿಯ ಗುಡಿಗಳ ತಮಿಳು ಪುರೋಹಿತರದು ಬೇರೆ ಕ್ರಮ, ನಮ್ಮದು ನಮಗೆ ಬೇಕು ಎಂದು ಹಟ ಹಿಡಿದು, ಮನೆಯ ಶಾಸ್ತ್ರಿಗಳನ್ನು ಮೈಸೂರಿನ ಹಜಾರದಲ್ಲಿ ಕೂರಿಸಿ ಶ್ರಾದ್ಧದ ವಿಧಿಮಂತ್ರಗಳ ಪೂರ್ತಿ ಪ್ರಯೋಗವನ್ನು ಹೇಳಿಸಿ ತುಂಬಿಸಿಕೊಂಡಿದ್ದಳು. ಅದರಲ್ಲಿ ಶಾಸ್ತ್ರಿಗಳು ಮಂತ್ರ ಹೇಳುವುದಷ್ಟೇ ಅಲ್ಲ, ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ ಮಾತಾಡುತ್ತಿದ್ದರು. "ಜನಿವಾರ ಬಲಕ್ಕೆ. ಆಯ್ತಾ? ಹ್ಞಾ. ಎಳ್ಳು ತಗೊಳ್ಳಿ. ನಿಧಾನ." ನಡುವೆ ಅವರ ಕೆಮ್ಮು, ಬೀದಿಯ ಸೈಕಲ್ ಬೆಲ್ಲು, ಹಿತ್ತಲಿನ ಕಾಗೆ. ಬ್ರಾಹ್ಮಣರ ಬದಲು ಎರಡು ಎಲೆಯ ಮುಂದೆ ದರ್ಭೆಯ ಕಟ್ಟು ಇಟ್ಟುಕೊಂಡು, ಆರನೆಯ ಮಹಡಿಯ ಫ್ಲ್ಯಾಟಿನಲ್ಲಿ ಬದರೀನಾಥ ಮೊದಮೊದಲು ಆ ಧ್ವನಿಗೆ "ಆಯ್ತು" ಎಂದು ಉತ್ತರ ಕೊಟ್ಟದ್ದೂ ಉಂಟು. ಆಮೇಲೆ ಕ್ಯಾಸೆಟ್ಟಿನಿಂದ ಆ ಮಾತೇ ಹೋಯಿತು. ಹೋಗುವಂತೆ ಮಾಡಿದ್ದು ಜೆಫರ್ಸನ್ ಎಂದು ಹೇಳಿಬಿಟ್ಟರೆ ಸುಲಭ, ಆದರೆ ಸತ್ತು ಎಷ್ಟೋ ಕಾಲವಾದ ಅಮೆರಿಕನ್ನನೊಬ್ಬ ಬಂದು ಟೇಪ್ ರೆಕಾರ್ಡರಿನ ಗುಂಡಿ ಒತ್ತಲಿಲ್ಲ.

ಅಮೆರಿಕದ ಮೂರನೆಯ ಅಧ್ಯಕ್ಷನಾದ ಈ ಜೆಫರ್ಸನ್ ರಾಜ್ಯಭಾರದ ನಡುವಿನ ಸಂಜೆಗಳಲ್ಲಿ ತನ್ನ ಧರ್ಮಗ್ರಂಥದಿಂದ ತನಗೆ ಒಪ್ಪಿಗೆಯಾದ ಭಾಗಗಳನ್ನಷ್ಟೇ ಕತ್ತರಿಸಿ ತೆಗೆದು ಬೇರೆ ಹಾಳೆಗೆ ಅಂಟಿಸುತ್ತಿದ್ದ. ಮುಪ್ಪಿನಲ್ಲಿ ಅದನ್ನೇ ಇನ್ನೂ ದೊಡ್ಡದಾಗಿ ಮಾಡಿದ. ಏಸುವಿನ ನೀತಿ ಇರಲಿ, ಪವಾಡ ಬೇಡ. ಕನ್ಯೆಯ ಹೊಟ್ಟೆಯಲ್ಲಿ ಹುಟ್ಟಿದ್ದು ಬೇಡ, ನೀರಿನ ಮೇಲೆ ನಡೆದದ್ದು ಬೇಡ, ಸತ್ತು ಎದ್ದದ್ದು ಬೇಡ. ಅವನ ಪ್ರತಿಯಲ್ಲಿ ಏಸುವನ್ನು ಗುಹೆಯಲ್ಲಿಟ್ಟು, ಬಾಗಿಲಿಗೆ ಬಂಡೆ ಉರುಳಿಸಿ, ಜನ ಹೊರಟುಹೋಗುತ್ತಾರೆ; ಅಲ್ಲಿಗೆ ಕಥೆ ಮುಗಿಯಿತು. ಈ ಪಾಠವನ್ನು ಬದರೀನಾಥ ಪ್ರತಿ ವರ್ಷ ಬಹಳ ಚೆನ್ನಾಗಿ ಮಾಡುತ್ತಿದ್ದ. ಒಂದು ವರ್ಷ ಅದನ್ನು ಮಾಡಿ ಮನೆಗೆ ಬಂದ ಸಂಜೆ, ಎರಡು ಕ್ಯಾಸೆಟ್ ಹಿಡಿಯುವ ರೆಕಾರ್ಡರಿನ ಮುಂದೆ ಕೂತು, ಶಾಸ್ತ್ರಿಗಳ ಪ್ರಯೋಗವನ್ನು ಒಂದರಿಂದ ಇನ್ನೊಂದಕ್ಕೆ ಇಳಿಸಿಕೊಳ್ಳುತ್ತಾ ತನಗೆ ಒಪ್ಪಿಗೆಯಾಗದಲ್ಲೆಲ್ಲ ಪಾಜ್ ಗುಂಡಿ ಒತ್ತಿದ. ಅಪ್ಪ, ಅಜ್ಜ, ಮುತ್ತಜ್ಜ, ಅವರ ಮೂರು ಪಿಂಡ ಇರಲಿ. ಅದು ಕೃತಜ್ಞತೆ, ಅದಕ್ಕೆ ಅರ್ಥವಿದೆ. ಯಮನ ದಾರಿ, ರಾಕ್ಷಸರನ್ನು ಓಡಿಸುವುದು, ಹೆಸರು ವಿಳಾಸ ಇಲ್ಲದವರಿಗೆ ನೆಲದ ಮೇಲೆ ಅನ್ನ ಎರಚುವುದು, ಇವೆಲ್ಲ ಏತಕ್ಕೆ. "ಇದು ಜೆಫರ್ಸನ್ ಪ್ರಯೋಗ" ಎಂದು ವತ್ಸಲಾಗೆ ಹೇಳಿದ. "ಅಡುಗೇನೂ ಹಾಗೇ ಕಟ್ ಮಾಡಿಕೊಡ್ತೀರಾ?" ಎಂದು ಅವಳು ನಕ್ಕಳು. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾಳೆ ಎಂದಲ್ಲ, ಅವಳಿಗೆ ತಿಳಿಯುವುದೇ ಇಲ್ಲ ಎಂದು. ಮೂಲ ಕ್ಯಾಸೆಟ್ಟು ಒಳ್ಳೆಯ ಕಂಪನಿಯದಾಗಿತ್ತು. ಒಂದು ಸೆಮಿನಾರಿಗೆ ಅಭ್ಯಾಸ ಮಾಡಿಕೊಳ್ಳಬೇಕಾಗಿ ಬಂದಾಗ ಅದರ ಮೇಲೇ ತನ್ನ ಭಾಷಣ ತುಂಬಿಕೊಂಡ. ಮರುವರ್ಷ ಶಾಸ್ತ್ರಿಗಳು ತೀರಿಕೊಂಡರು.

ಪಾಠದ ಹಾಲ್‌ನಲ್ಲಿ ಏಸಿ ಜೋರಾಗಿತ್ತು. ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿದ ಮೈ ನಡುಗುತ್ತಿತ್ತು. ಅವನು ಜೆಫರ್ಸನ್ ಬರೆದ ವರ್ಜೀನಿಯಾದ ಕಾನೂನಿನಿಂದ ಶುರುಮಾಡಿದ. ಒಬ್ಬನ ನಂಬಿಕೆಯ ವಿಷಯದಲ್ಲಿ ಸರ್ಕಾರಕ್ಕೆ ಏನೂ ಕೆಲಸವಿಲ್ಲ. ತಾನು ಒಪ್ಪದ ಮತಕ್ಕೆ ಒಬ್ಬನಿಂದ ಬಲವಂತವಾಗಿ ಕಾಸು ಕೀಳುವುದೂ ದಬ್ಬಾಳಿಕೆಯೇ. ಧರ್ಮಕ್ಕೂ ರಾಜ್ಯಕ್ಕೂ ನಡುವೆ ಗೋಡೆ ಬೇಕು. ಇಂಥವನನ್ನು ಚುನಾವಣೆಯಲ್ಲಿ ವಿರೋಧಿಗಳು ನಾಸ್ತಿಕ ಎಂದು ಜರೆದರು. ಅದು ತನ್ನೊಬ್ಬನ ವಿಷಯ ಎಂದಷ್ಟೇ ಅವನು ಅಂದ. ಎಲ್ಲರೂ ಸಮಾನರಾಗಿ ಹುಟ್ಟಿದ್ದಾರೆ ಎಂದು ಬರೆದ ಕೈ ಅದೇ, ಗುಲಾಮರಾಗಿ ಇಟ್ಟುಕೊಂಡ ಜನರಿಂದ ಹೊಲದ ಉಳುಮೆ ಮಾಡಿಸಿದ ಕೈಯೂ ಅದೇ. ಈ ಕೊನೆಯ ಮಾತಿಗೆ ಅವನು ಯಾವಾಗಲೂ ಸ್ವಲ್ಪ ನಿಲ್ಲುತ್ತಿದ್ದ, ಹುಡುಗರು ತಲೆ ಎತ್ತಲಿ ಎಂದು. ಇವತ್ತು ಹಾಗೆ ನಿಂತಾಗ ಯೋಚನೆ ತನ್ನ ಮನೆಗೇ ತಿರುಗಿತು. ಮಹಾತ್ಮನೊಬ್ಬ ತನ್ನ ಮನೆಯ ಲೆಕ್ಕದಿಂದ ಯಾರನ್ನು ಬಿಟ್ಟ ಎಂಬುದನ್ನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ತೋರಿಸಿದವನು ನಾನು.

ಮುಂದಿನ ಸಾಲಿನ ಮೇ ಲಿಂಗ್ ಎಂಬ ಹುಡುಗಿ ಕೈ ಎತ್ತಿದಳು. "ಸರ್, ಬೈಬಲ್ಲಲ್ಲಿ ಎಲ್ಲಾ ಕತ್ತರಿಸಿ ಹಾಕಿಬಿಟ್ರಲ್ಲ, ಅವರ ಮನೇಲಿ ಯಾರಾದ್ರೂ ಸತ್ತಾಗ ಏನು ಮಾಡಿದ್ರು?"

ಸತ್ತಿದ್ದರು, ಬೇಕಾದಷ್ಟು ಜನ. ಹೆಂಡತಿ ಸಣ್ಣ ವಯಸ್ಸಿಗೇ ಹೋದಳು. ಹೆಂಡತಿ ಹೆತ್ತ ಆರು ಮಕ್ಕಳಲ್ಲಿ ಅವನು ಸತ್ತ ಮೇಲೂ ಉಳಿದದ್ದು ಒಬ್ಬಳೇ. ಅದನ್ನು ಹೇಳಿದ. ಮತ್ತೆ, ಹೇಳಬೇಕಾಗಿರಲಿಲ್ಲ, ಆದರೂ ಹೇಳಿದ: ಮುಪ್ಪಿನಲ್ಲಿ ಹಳೆಯ ಗೆಳೆಯನ ಹೆಂಡತಿ ತೀರಿಕೊಂಡಾಗ, ನಾವೂ ಬೇಗ ಈ ದುಃಖದ ದೇಹ ಬಿಟ್ಟು ನಮ್ಮ ಪ್ರೀತಿಯವರನ್ನು ಮತ್ತೆ ಕೂಡುತ್ತೇವೆ ಎಂದು ಸಮಾಧಾನ ಬರೆದ.

"ಹಾಗಾದ್ರೆ ಕತ್ತರಿಸಿದ್ದನ್ನ ವಾಪಸ್ ಅಂಟಿಸಿದ್ರು ಲಾ," ಎಂದಳು ಮೇ ಲಿಂಗ್, ಇಲ್ಲಿಯವರ ರಾಗದಲ್ಲಿ ಕೊನೆಗೊಂದು ಲಾ ಸೇರಿಸಿ. ಹುಡುಗರು ನಕ್ಕರು. ಅವಳು ನಗಲಿಲ್ಲ. "ನಮ್ಮ ಪಪ್ಪ ಚರ್ಚ್ ಸೇರಿದ ಮೇಲೆ ಮನೇಲಿದ್ದ ಹಿರಿಯರ ಪೀಠ ತೆಗೆದುಹಾಕಿದ್ರು ಸರ್. ಅವರ ಮನೆ, ಅವರ ಫ್ರೀಡಮ್, ಓಕೆ. ಆದ್ರೆ ಅಜ್ಜಿ ಈಗ ಬಿಲ್ಡಿಂಗ್ ಕೆಳಗಿನ ಖಾಲಿ ಜಾಗದ ಪಕ್ಕದ ಡಬ್ಬದಲ್ಲಿ ಒಬ್ಬಳೇ ಹಿರಿಯರಿಗಾಗಿ ಕಾಗದ ಸುಡ್ತಾಳೆ. ಅವಳ ಫ್ರೀಡಮ್ ಏನಾಯ್ತು? ಜೆಫರ್ಸನ್ ಅದಕ್ಕೇನಾದ್ರೂ ಹೇಳಿದ್ದಾರಾ?"

ಹೇಳಿದ್ದ. ಆ ಮನುಷ್ಯ ಇಡೀ ಜೀವಮಾನ ಹೇಳಿದ್ದು ಅದೊಂದನ್ನೇ. ಇನ್ನೊಬ್ಬರ ನಂಬಿಕೆ ಯಾವುದಿರಬೇಕು ಎಂದು ನೀನು ಗೊತ್ತುಮಾಡಬೇಡ, ನೀನು ಎಷ್ಟೇ ದೊಡ್ಡವನಾಗಿರು, ನಿನ್ನ ಬುದ್ಧಿ ಎಷ್ಟೇ ಸರಿಯಾಗಿರಲಿ. ಅವನು ಕತ್ತರಿಸಿದ್ದು ತಾನು ದುಡ್ಡು ಕೊಟ್ಟು ತರಿಸಿಕೊಂಡ, ತಾನೊಬ್ಬನೇ ಓದುವ ಪ್ರತಿಯನ್ನು. ಮನೆಯವರಿಗೂ ತೋರಿಸದೆ ಇಟ್ಟುಕೊಂಡಿದ್ದ. ನಾನು ಕತ್ತರಿಸಿದ್ದು ಅಮ್ಮನದನ್ನು. ಹಿಂದೆ ರಾಜರು ಮಾಡುತ್ತಿದ್ದುದು ಇದನ್ನೇ ಅಲ್ಲವೇ, ಪ್ರಜೆ ಯಾವ ದೇವರಿಗೆ ಕೈ ಮುಗಿಯಬೇಕು ಎಂದು ಕೂತಲ್ಲೇ ತೀರ್ಮಾನ ಮಾಡುತ್ತಿದ್ದುದು? ಸ್ವಾತಂತ್ರ್ಯದ ಪಾಠ ಹೇಳಿ ಸಂಬಳ ತೆಗೆದುಕೊಳ್ಳುತ್ತಾ, ಮನೆಯಲ್ಲಿ ಉಸಿರು ಸಿಕ್ಕದ ಮುದುಕಿಯ ಮೇಲೆ ರಾಜನಾಗಿ ಕೂತಿದ್ದೇನೆ. "ಒಳ್ಳೆಯ ಪ್ರಶ್ನೆ, ಮುಂದಿನ ವಾರ ನೋಡೋಣ" ಎಂದು ಹೇಳಿ ಪುಸ್ತಕ ಮುಚ್ಚಿದ. ಗಂಟೆ ಇನ್ನೂ ಆಗಿರಲಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕ್ಯಾಂಟೀನಿನ ಹೊರಗಿನ ಫೋನಿನಿಂದ ಮೊದಲು ಒಂದು ಗುಡಿಗೆ ಮಾಡಿದ. ಅಲ್ಲಿಯ ಪುರೋಹಿತರು ತಮಿಳು ಬೆರೆಸಿದ ಇಂಗ್ಲಿಷಿನಲ್ಲಿ ವಿನಯವಾಗಿಯೇ, ಇವತ್ತು ಗೃಹಪ್ರವೇಶ ಎರಡಿದೆ ಸಾರ್, ಬೇಕಾದರೆ ನಾಡಿದ್ದು ಬರುತ್ತೇನೆ ಎಂದರು. ತಿಥಿ ನಾಡಿದ್ದಿನ ತನಕ ಕಾಯುವುದಿಲ್ಲ ಎಂದು ಅವನು ಹೇಳಿದ. ಹೇಳಿದ ಮೇಲೆ, ತಿಥಿ ಕಾಯುವುದಿಲ್ಲ ಎಂಬ ಮಾತು ತನ್ನ ಬಾಯಲ್ಲಿ ಬಂತಲ್ಲ ಎಂದು ಅವನಿಗೇ ವಿಚಿತ್ರವೆನಿಸಿತು. ಫೋನಿನಲ್ಲೇ ಆ ಒಂದು ಮಂತ್ರ ಹೇಳುತ್ತೀರಾ, ಬರೆದುಕೊಳ್ಳುತ್ತೇನೆ ಎಂದ. ಯಾವ ಮಂತ್ರ ಸಾರ್, ಮೊದಲ ಅಕ್ಷರ ಹೇಳಿ ಎಂದರು. ಮೊದಲ ಅಕ್ಷರ ಅವನಿಗೆ ಬರಲಿಲ್ಲ. ಪುರೋಹಿತರು ಯಾರೋ ಕರೆದರೆಂದು ಫೋನು ಇಟ್ಟರು. ಫೋನ್ ಕಾರ್ಡಿನಲ್ಲಿ ಉಳಿದಿದ್ದ ದುಡ್ಡಿನಲ್ಲಿ ಮೈಸೂರಿಗೆ ಮಾಡಿದ. ಶಾಸ್ತ್ರಿಗಳ ಮಗ ಎತ್ತಿಕೊಂಡ. ಬ್ಯಾಂಕಿನಲ್ಲಿ ಗುಮಾಸ್ತ, ಕೆಲಸಕ್ಕೆ ಹೊರಟಿದ್ದ.

"ವಿಕಿರದ್ದಾ ಸಾರ್? ನಂಗೆ ಬರಲ್ಲ. ಅಪ್ಪ ಕಲಿ ಕಲಿ ಅಂತ ಬಡ್ಕೊಂಡ್ರು, ನಾನು ಕೂರಲಿಲ್ಲ. ಸಂಜೆ ಯಾರನ್ನಾದ್ರೂ ಕೇಳಿ ಹೇಳ್ಲಾ?"

"ಸಂಜೆಗೆ ಆಗಲ್ಲಪ್ಪ."

"ಅಲ್ಲ ಸಾರ್, ನಿಮ್ಮ ಹತ್ರ ಕ್ಯಾಸೆಟ್ಟೇ ಇದೆಯಲ್ಲ. ಪೂರ್ತಿ ಹೇಳಿದ್ದೀನಿ ಅಂತಿದ್ರು ಅಪ್ಪ." ಆಮೇಲೆ ತಾನಾಗಿಯೇ ಕೇಳಿದ. "ಸಾರ್, ಕೇಳಬಾರದು. ನಮ್ಮನೇಲಿ ಅವರ ಫೋಟೋ ಇದೆ, ಧ್ವನಿ ಇಲ್ಲ. ನಮ್ಮ ತಾಯಿ ದಿನಾ ಅದನ್ನೇ ಹೇಳ್ತಾರೆ. ಒಂದು ಕಾಪಿ ಮಾಡಿಸಿ ಕಳಿಸ್ತೀರಾ? ಮಂತ್ರಾನೇ ಆಗ್ಬೇಕು ಅಂತಿಲ್ಲ. ಅವರು ನಡುವೆ ಮಾತಾಡಿರ್ತಾರಲ್ಲ, ಅಷ್ಟಿದ್ರೂ ಸಾಕು."

ಕಳಿಸುತ್ತೇನೆ ಎಂದ. ಶಾಸ್ತ್ರಿಗಳ ಆ ಮಾತುಗಳನ್ನೇ ಅವನು ಎಲ್ಲಕ್ಕಿಂತ ಮೊದಲು ಕತ್ತರಿಸಿದ್ದ. ಜನಿವಾರ ಬಲಕ್ಕೋ ಎಡಕ್ಕೋ ತನಗೆ ಈಗ ಗೊತ್ತಲ್ಲ ಎಂದು. ಕಾರ್ಡು ಮುಗಿದು ಫೋನು ಸತ್ತಿತು. ಅವನು ರಿಸೀವರ್ ಹಿಡಿದುಕೊಂಡೇ ನಿಂತಿದ್ದ. ಹಿಂದೆ ಕಾಯುತ್ತಿದ್ದ ಹುಡುಗ "ಅಂಕಲ್, ಆಯ್ತಾ?" ಎಂದು ಕೇಳಿದ.

ಮನೆಯಲ್ಲಿ ವತ್ಸಲಾ ಒದ್ದೆ ಸೀರೆಯಲ್ಲಿ ವಡೆ ಕರಿಯುತ್ತಿದ್ದಳು. ತನ್ನ ಬ್ಯಾಂಕ್ ಕೆಲಸಕ್ಕೆ ರಜ ಹಾಕಿ, ಬೆಳಗಿನಿಂದ ನೀರೂ ಕುಡಿಯದೆ ನಿಂತಿದ್ದಳು. ಹಾಲ್‌ನ ಕಿಟಕಿಯ ಕೆಳಗೆ ಎರಡು ಎಲೆ ಹಾಕಿ ಸಿದ್ಧವಾಗಿತ್ತು. "ರೀ, ಅಮ್ಮ ನನ್ನ ಕೈಲಿ ಚೇರ್ ಹಾಕಿಸ್ಕೊಂಡು ಬಾಗಿಲಲ್ಲೇ ಕೂತ್ಬಿಟ್ಟಿದ್ದಾರೆ. ಎಷ್ಟು ಹೇಳಿದ್ರೂ ಒಳಗೆ ಹೋಗ್ತಿಲ್ಲ," ಎಂದಳು. ಮತ್ತೆ ದನಿ ತಗ್ಗಿಸಿ, "ಆ ಮಂತ್ರ ಏನಾದ್ರೂ ಸಿಕ್ತಾ?" ಎಂದಳು. ಇಲ್ಲವೆಂದು ತಲೆಯಾಡಿಸಿದ. "ಹೇಳ್ಬಿಡಿ. ಕ್ಯಾಸೆಟ್ ಹಾಳಾಗಿದೆ ಅಂತ ಹೇಳಿ. ನೀವೇ ಅಳಿಸಿದ್ದು ಅಂತ ಯಾಕೆ ಹೇಳ್ಬೇಕು?" ವತ್ಸಲಾ ಹೇಳಿದ್ದು ದಯೆಯಿಂದಲೇ. ಅವನಿಗೆ ಮಾತ್ರ, ಎಣ್ಣೆಯ ಹೊಗೆಯಲ್ಲಿ ನಿಂತ ಅವಳ ಮುಖ ನೋಡುತ್ತಾ, ತಾನು ಯಾರಿಗೂ ಸತ್ಯ ಹೇಳದೆ ಇಷ್ಟು ದೂರ ಬಂದದ್ದು ಎಲ್ಲರ ದಯೆಯಿಂದಲೇ ಎನಿಸಿತು. ಸ್ನಾನಕ್ಕೆ ಹೋದ.

ಕ್ಯಾಸೆಟ್ಟು ಓಡಿತು. ಶಾಸ್ತ್ರಿಗಳ ಧ್ವನಿ, ಅವನು ಕತ್ತರಿಸಿ ಉಳಿಸಿದಷ್ಟು. ಅಪ್ಪನ ಹೆಸರು, ಅಜ್ಜನ ಹೆಸರು, ಗೋತ್ರ. ಅವರು ಹೇಳಿದಂತೆ ಹೇಳಿ, ಬಿಡುವಲ್ಲಿ ನೀರು ಬಿಟ್ಟು, ಬಡಿಸುವಲ್ಲಿ ಬಡಿಸಿದ. ಅಮ್ಮ ಬಾಗಿಲಲ್ಲಿ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಗ್ಗಿ ಕೂತಿದ್ದಳು. ಅವಳ ಉಸಿರಿನ ಸದ್ದು ಮಂತ್ರದ ನಡುವೆ ಕೇಳುತ್ತಿತ್ತು. ಯಾವ ಜಾಗಕ್ಕೆ ಬಂದರೆ ಟಕ್ ಎಂದು ಸದ್ದಾಗಿ ಮುಂದಿನದು ಶುರುವಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆ ಜಾಗಕ್ಕೆ ಸ್ವಲ್ಪ ಮುಂಚೆ ಅವನು ಕೈ ಚಾಚಿ ರೆಕಾರ್ಡರನ್ನು ನಿಲ್ಲಿಸಿದ. ಕೆಳಗೆ ಯಾವುದೋ ಬ್ಲಾಕಿನಲ್ಲಿ ಡ್ರಿಲ್ಲು ಓಡುತ್ತಿತ್ತು. ಎಲೆಯ ಪಕ್ಕ ನೆಲ ಒರೆಸಿ, ದರ್ಭೆಯನ್ನು ತುದಿ ದಕ್ಷಿಣಕ್ಕೆ ಮಾಡಿ ಹಾಸಿದ. ಅನ್ನವನ್ನು ಕೈಗೆ ತೆಗೆದುಕೊಂಡು ನೀರು ಚಿಮುಕಿಸಿದ. ಇಲ್ಲಿಯವರೆಗೆ ಅಪ್ಪನ ಬೆನ್ನು ನೋಡಿ ಕಲಿತದ್ದು ಸಾಕಾಯಿತು. ಮುಂದೆ ಮಾತು ಬೇಕು.

ಅಮ್ಮ ಕಾಯುತ್ತಿದ್ದಳು. ಇಲ್ಲಮ್ಮ, ಅಳಿಸಿಬಿಟ್ಟೆ ಎಂದು ಹೇಳಲು ಬಾಯಿ ತೆರೆದ. ಬಂದದ್ದು ಬೇರೆ. ಸಂಧ್ಯಾವಂದನೆಯ ಒಂದು ತುಣುಕು, ಉಪನಯನದಲ್ಲಿ ಬಾಯಿಪಾಠ ಮಾಡಿದ್ದ ಯಾವುದೋ ಸೂಕ್ತದ ಅರ್ಧ ಸಾಲು, ಮದುವೆಯಲ್ಲಿ ಕೇಳಿದ್ದು, ಈಗತಾನೇ ಕ್ಯಾಸೆಟ್ಟಿನಲ್ಲಿ ಬಂದದ್ದು, ಒಂದರ ಬಾಲಕ್ಕೆ ಒಂದನ್ನು ಹಚ್ಚಿ, ಶಾಸ್ತ್ರಿಗಳ ಏರಿಳಿತವನ್ನೇ ತಂದು, ತಡವರಿಸದೆ ಹೇಳಿದ. ಧ್ವನಿ ಗಟ್ಟಿಯಾಗಿತ್ತು. ಅದರ ಒಳಗೆ ಅವನು ಬೇಡಿಕೊಳ್ಳುತ್ತಿದ್ದ. ಯಾರಾದರೂ ಇದ್ದರೆ, ಇಲ್ಲದಿದ್ದರೂ, ಈ ಅನ್ನ ಆ ಮಗುವಿಗೆ ಮುಟ್ಟಲಿ, ಬಾಗಿಲಲ್ಲಿ ಕೂತಿರುವವಳ ಎದುರಿಗೆ ಮುಟ್ಟಲಿ, ಇದೊಂದು ಸಲ. ಇಷ್ಟು ಆಸೆಯಿಂದ ಅವನು ಈವರೆಗೆ ಏನನ್ನೂ ಕೇಳಿರಲಿಲ್ಲ, ಕೇಳುತ್ತಿರುವ ಭಾಷೆ ಮಾತ್ರ ಪೂರ್ತಿ ಸುಳ್ಳು. ಬೆರಳಿನ ಸಂದಿಯಿಂದ ಅನ್ನ ದರ್ಭೆಯ ಮೇಲೆ ಬಿತ್ತು. ನೀರು ಬಿಟ್ಟ. ತಲೆ ಎತ್ತಲು ಧೈರ್ಯವಾಗದೆ ಹಾಗೇ ಬಗ್ಗಿದ್ದ. ವತ್ಸಲಾ ಅಡುಗೆಮನೆಯಲ್ಲಿ ಸೌಟು ಕೆಳಗಿಟ್ಟ ಸದ್ದಾಯಿತು.

"ಅದಲ್ಲ ಮಂತ್ರ," ಎಂದಳು ಅಮ್ಮ.

ಅವನು ಎದ್ದು ಅವಳ ಹತ್ತಿರ ಹೋಗಿ ನೆಲದ ಮೇಲೆ ಕೂತ. ಮಡಿಯಲ್ಲಿರುವಾಗ ಮುಟ್ಟಬಾರದೆಂದು ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ನೆಲದ ಮೇಲಿನ ಅನ್ನವನ್ನು.

"ಅಮ್ಮಾ, ಅದು ನಾನು..."

"ಇರಲಿ ಬಿಡು. ಮಗು ಅದು. ಅದಕ್ಕೇನು ಗೊತ್ತಾಗತ್ತೆ, ಮಂತ್ರ ಸರಿಯೋ ತಪ್ಪೋ. ಹಸಿವಿಗೆ ತಿನ್ನತ್ತೆ." ಉಸಿರು ಹಿಡಿಯಲು ಬಹಳ ಹೊತ್ತು ಬೇಕಾಯಿತು. ಆಮೇಲೆ ಅವನ ಕಡೆ ತಿರುಗಿ, ಚಿಕ್ಕಂದಿನಲ್ಲಿ ಬುದ್ಧಿ ಹೇಳುತ್ತಿದ್ದಷ್ಟೇ ಸಮಾಧಾನವಾಗಿ ಹೇಳಿದಳು: "ನನ್ನ ತಿಥಿ ಹೊತ್ತಿಗೆ ಹೀಗೆ ಮಾಡಬೇಡ ಬದರೀ. ನಂಗೆ ಗೊತ್ತಾಗತ್ತೆ."